ಬಿದ್ದವನನ್ನಲ್ಲ, ನಿಂತವನ ಕಾಲು ನೋಡಿ: ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಊರೂರಲ್ಲಿ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟ್ ನಡೆಸುವ ಕ್ಲಬ್ಬಿನವರು, ಕಾಲೇಜಿನ ಪಿ.ಟಿ. ಮೇಷ್ಟ್ರುಗಳು, ಸಂಘಗಳ ಪದಾಧಿಕಾರಿಗಳು ಓದಲಿ ಅಂತ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಜೊತೆ ವಿಸಿಲ್ ಹಿಡಿಯುವ ಗೆಳೆಯರೂ ಓದಲಿ. ಗ್ಯಾಲರಿಯಲ್ಲಿ ಕೂತು "ಏನ್ ರೆಫ್ರಿ, ಕಣ್ಣು ಕಾಣ್ಸಲ್ವಾ?" ಅಂತ ಕೂಗುವವರು ಓದಿದರೆ ಇನ್ನೂ ಸಂತೋಷ.

ವಿಷಯ ಒಂದೇ. ಡಿಕ್ಕಿಯಾದಾಗ ತಪ್ಪು ನುಗ್ಗಿದವನದೋ, ಅಡ್ಡ ಬಂದವನದೋ? ಅಂದರೆ ಚಾರ್ಜಿಂಗೋ, ಬ್ಲಾಕಿಂಗೋ?

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದಿನ ಮಾತು. ಸಿಮೆಂಟ್ ಕೋರ್ಟ್, ಹೊನಲು ಬೆಳಕಿನ ಟೂರ್ನಮೆಂಟ್, ಫೈನಲ್. ಎರಡು ಪಾಯಿಂಟ್ ವ್ಯತ್ಯಾಸ. ಆಟ ಮುಗಿಯಲು ಒಂದು ನಿಮಿಷವೂ ಇರಲಿಲ್ಲ. ನಾನು ರಿಂಗ್‌ನ ಹಿಂದಿನ ಗೆರೆ, ಬೇಸ್‌ಲೈನಿನಲ್ಲಿ ನಿಂತಿದ್ದೆ. ಹಿಂದೆ ಬಿದ್ದಿದ್ದ ತಂಡದ ಹುಡುಗ ಬಲಗಡೆಯಿಂದ ತನ್ನ ಡಿಫೆಂಡರನ್ನು ದಾಟಿಕೊಂಡು ರಿಂಗ್ ಕಡೆ ನುಗ್ಗಿದ. ಎಡಗಡೆಯಿಂದ ಇನ್ನೊಬ್ಬ ಓಡಿ ಬಂದು ಅಡ್ಡ ನಿಂತ. ದಡ್ ಅಂತ ಡಿಕ್ಕಿ. ಇಬ್ಬರೂ ನೆಲಕ್ಕೆ. ಡಿಕ್ಕಿಯಾದಾಗ ಚೆಂಡು ಇನ್ನೂ ಹುಡುಗನ ಕೈಯಲ್ಲೇ ಇತ್ತು. ಬೀಳ್ತಾ ಬೀಳ್ತಾ ಅವನು ಎಸೆದ ಚೆಂಡು ಬೋರ್ಡಿಗೆ ತಾಗಿ ಒಳಗೆ ಹೋಯಿತು.

ನಾನು ವಿಸಿಲ್ ಊದಿದ್ದೆ. ಯಾಕೆ ಊದಿದೆ ಅಂತ ನನಗೇ ಗೊತ್ತಿರಲಿಲ್ಲ.

ಮುಷ್ಟಿ ಮೇಲೆತ್ತಿ ನಿಂತಿದ್ದೇನೆ. ಇಡೀ ಕೋರ್ಟ್ ನನ್ನ ಕೈ ನೋಡ್ತಾ ಇದೆ. ಎರಡೂ ಕೈ ಸೊಂಟಕ್ಕೆ ಹೋದರೆ ಬ್ಲಾಕಿಂಗ್. ಬ್ಯಾಸ್ಕೆಟ್ ಲೆಕ್ಕಕ್ಕೆ ಬರುತ್ತದೆ, ಸ್ಕೋರ್ ಸಮ, ಮೇಲೆ ಒಂದು ಫ್ರೀ ಥ್ರೋ. ಮುಷ್ಟಿಯಿಂದ ಅಂಗೈಗೆ ಗುದ್ದಿದರೆ ಚಾರ್ಜಿಂಗ್. ಬ್ಯಾಸ್ಕೆಟ್ ಇಲ್ಲ, ಚೆಂಡು ಆ ಕಡೆಯವರಿಗೆ, ಈ ಹುಡುಗನಿಗೆ ಐದನೇ ಫೌಲ್, ಅಂದರೆ ಮನೆಗೆ. ಒಂದೇ ಡಿಕ್ಕಿ. ನನ್ನ ಕೈ ಯಾವ ಕಡೆ ಹೋಗುತ್ತದೆ ಅನ್ನುವುದರ ಮೇಲೆ ಪಂದ್ಯ.

ನಾನು ಅಂಗೈಗೆ ಗುದ್ದಿದೆ. ಯಾಕೆ ಅಂದರೆ, ಡಿಫೆಂಡರ್ ಅಂಗಾತ ಬಿದ್ದಿದ್ದ. ಬಿದ್ದು ಒಂದು ಮಾರು ಜಾರಿಕೊಂಡೂ ಹೋಗಿದ್ದ. ನಾನು ನಿಜವಾಗಿ ನೋಡಿದ್ದು ಅದನ್ನು ಮಾತ್ರ. ಅದಕ್ಕೂ ಮೊದಲು ನನ್ನ ಕಣ್ಣು ಚೆಂಡಿನ ಮೇಲಿತ್ತು.

ಹುಡುಗ ಜಗಳ ಆಡಲಿಲ್ಲ. "ಸಾರ್, ನಾನು ಹಾರಿದ ಮೇಲೆ ಬಂದ ಸಾರ್" ಅಂದ. ಅಷ್ಟೇ. ಹೋಗಿ ಬೆಂಚಿನ ತುದಿಯಲ್ಲಿ ಕೂತು ಶೂ ಬಿಚ್ಚಿದ.

ಮರುದಿನ ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ನನಗೂ ಬಂತು. ನಿಲ್ಲಿಸಿ ನಿಲ್ಲಿಸಿ ನೋಡಿದೆ. ಹುಡುಗನ ಎರಡೂ ಕಾಲು ಗಾಳಿಯಲ್ಲಿವೆ. ಡಿಫೆಂಡರನ ಬಲಗಾಲು ಇನ್ನೂ ಪಕ್ಕಕ್ಕೆ ಜಾರುತ್ತಿದೆ. ಎಡಗಾಲಿನ ಹಿಮ್ಮಡಿಯಂತೂ ಹೆಚ್ಚು ಕಡಿಮೆ ರಿಂಗ್‌ನ ನೇರ ಕೆಳಗೆ. ಒಂದಲ್ಲ, ಎರಡು ಕಾರಣಕ್ಕೆ ಅದು ಚಾರ್ಜಿಂಗ್ ಅಲ್ಲ. ಹುಡುಗ ಹೇಳಿದ್ದು ಅಕ್ಷರಶಃ ನಿಜ.

ಆ ತಪ್ಪು ನನ್ನದು, ಯಾರ ಮೇಲೂ ಹಾಕುವುದಿಲ್ಲ. ಆದರೆ ಆಮೇಲೆ ಎಷ್ಟೋ ಕೋರ್ಟ್‌ಗಳಲ್ಲಿ ಇದೇ ತಪ್ಪು ಇದೇ ತರಹ ಆಗುವುದನ್ನು ನೋಡಿದ್ದೇನೆ. ಅದಕ್ಕೇ ಈ ಪತ್ರ.

ನಿಯಮ ಏನು ಹೇಳುತ್ತದೆ? ನಮ್ಮ ಟೂರ್ನಮೆಂಟ್‌ಗಳು ನಡೆಯುವುದು ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ, ಅಂದರೆ ಫಿಬಾ ನಿಯಮದ ಪ್ರಕಾರ. ಅದರಲ್ಲಿ ಪ್ರತಿ ಆಟಗಾರನಿಗೂ ತನ್ನದೇ ಒಂದು ಜಾಗ ಇದೆ. ಸಿಲಿಂಡರ್ ಅಂತಾರೆ. ತಲೆ ಮೇಲಿಂದ ಒಂದು ನೀರಿನ ಡ್ರಮ್ ಇಳಿಬಿಟ್ಟ ಹಾಗೆ ಅಂದುಕೊಳ್ಳಿ. ಆ ಡ್ರಮ್ಮಿನೊಳಗೆ ನಿಲ್ಲಬಹುದು, ನೇರ ಮೇಲಕ್ಕೆ ಹಾರಬಹುದು. ಡಿಫೆಂಡರ್ ಎದುರಾಳಿಗೆ ಮುಖ ಮಾಡಿ, ಎರಡೂ ಕಾಲು ನೆಲಕ್ಕೆ ಊರಿದ ಅಂದರೆ ಅವನು ಆ ಜಾಗ ಹಿಡಿದ ಹಾಗೆ. ಆಮೇಲೆ ಎದುರಾಳಿ ಬಂದು ಅವನ ಎದೆಗೆ ಗುದ್ದಿದರೆ ಚಾರ್ಜಿಂಗ್. ಜಾಗ ಹಿಡಿಯದೆ ಸೊಂಟ, ಮೊಣಕಾಲು, ಭುಜ ಅಡ್ಡ ಹಾಕಿ ದಾರಿ ಕಟ್ಟಿದರೆ ಬ್ಲಾಕಿಂಗ್.

ಇಷ್ಟು ಎಲ್ಲರಿಗೂ ಗೊತ್ತು. ಗಲಾಟೆ ಶುರುವಾಗುವುದು ಇದರ ಮುಂದೆ.

ಗ್ಯಾಲರಿಯಿಂದ ಅತಿ ಜಾಸ್ತಿ ಕೇಳುವ ಕೂಗು ಯಾವುದು ಹೇಳಿ? "ಮೂವಿಂಗ್! ಮೂವಿಂಗ್ ರೀ!" ಡಿಫೆಂಡರ್ ಅಲುಗಾಡಿದರೆ ಸಾಕು, ಅದು ಬ್ಲಾಕಿಂಗ್ ಅಂತ ಎಲ್ಲರ ನಂಬಿಕೆ. ಕೆಲವು ಕೋಚ್‌ಗಳೂ ಹುಡುಗರಿಗೆ "ಕಂಬದ ಹಾಗೆ ನಿಂತ್ಕೋ" ಅಂತಲೇ ಹೇಳಿಕೊಡುತ್ತಾರೆ. ಇದು ಶುದ್ಧ ತಪ್ಪು. ಒಮ್ಮೆ ಜಾಗ ಹಿಡಿದ ಡಿಫೆಂಡರ್ ಪಕ್ಕಕ್ಕೆ ಸರಿಯಬಹುದು, ಹಿಂದಕ್ಕೆ ಹೋಗಬಹುದು. ಹಾಗೆ ಸರಿಯುವಾಗ ಒಂದು ಕ್ಷಣ ಕಾಲು ನೆಲ ಬಿಟ್ಟರೂ ತೊಂದರೆ ಇಲ್ಲ. ಪೆಟ್ಟು ತಪ್ಪಿಸಿಕೊಳ್ಳಲು ತನ್ನ ಡ್ರಮ್ಮಿನೊಳಗೇ ಮೈ ತಿರುಗಿಸಿಕೊಂಡರೂ ತಪ್ಪಲ್ಲ. ಮಾಡಬಾರದ್ದು ಒಂದೇ: ಎದುರಾಳಿಯ ಮೈಮೇಲೆ ಹೋಗಬಾರದು. ಪಕ್ಕಕ್ಕೆ ಸರಿದು ಎದೆ ಕೊಟ್ಟು ಪೆಟ್ಟು ತಿಂದವನಿಗೆ ನಾವು ಬ್ಲಾಕಿಂಗ್ ಕೊಡುತ್ತೇವಲ್ಲ, ಅದು ಚೆನ್ನಾಗಿ ಆಡಿದ್ದಕ್ಕೆ ದಂಡ ಹಾಕಿದ ಹಾಗೆ.

ಇನ್ನೊಂದು ಕೂಗು: "ಸಡನ್ನಾಗಿ ಬಂದ ರೀ, ಅವನಿಗೆ ನಿಲ್ಲೋಕೆ ಟೈಮೇ ಕೊಡ್ಲಿಲ್ಲ." ಚೆಂಡು ಕೈಯಲ್ಲಿರುವವನಿಗೆ ಈ ಮಾತು ಅನ್ವಯಿಸುವುದಿಲ್ಲ. ಚೆಂಡು ಹಿಡಿದವನು ಯಾರಾದರೂ ಅಡ್ಡ ಬಂದೇ ಬರುತ್ತಾರೆ ಅಂತ ತಯಾರಿರಬೇಕು. ಡಿಫೆಂಡರ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಜಾಗ ಹಿಡಿದರೂ ಅದು ಸರಿಯೇ. ಸಮಯ, ದೂರದ ಲೆಕ್ಕ ಬರುವುದು ಚೆಂಡು ಇಲ್ಲದೆ ಓಡುವವನಿಗೆ. ಅವನ ವೇಗ ನೋಡಿ ಕಡಿಮೆ ಅಂದರೂ ಒಂದು ಹೆಜ್ಜೆ ಜಾಗ ಬಿಡಬೇಕು. ಹಿಂದುಗಡೆ ನೋಡ್ತಾ ಓಡುವವನಿಗೆ ಗೋಡೆ ಕಟ್ಟಬಾರದು ಅನ್ನುವ ನ್ಯಾಯ.

ಹಾಗಾದರೆ ಆ ಹುಡುಗನ ವಿಷಯದಲ್ಲಿ ನಾನು ತಪ್ಪಿದ್ದೆಲ್ಲಿ? ಅವನು ಹಾರಿಬಿಟ್ಟಿದ್ದ. ಅಲ್ಲಿಗೆ ಲೆಕ್ಕ ಬದಲಾಯಿತು. ನೆಲ ಬಿಟ್ಟವನಿಗೆ ಬ್ರೇಕ್ ಇಲ್ಲ, ಸ್ಟೀರಿಂಗೂ ಇಲ್ಲ. ಅವನು ಹಾರುವ ಹೊತ್ತಿಗೆ ದಾರಿ ಖಾಲಿ ಇತ್ತು ಅಂದರೆ ಇಳಿಯುವ ತನಕ ಆ ದಾರಿ ಅವನದೇ. ಆಮೇಲೆ ಬಂದವನು ಎಷ್ಟು ನೀಟಾಗಿ ಎದೆ ಕೊಟ್ಟು ನಿಂತರೂ ತಡ ಆಯಿತು. ಅದು ಬ್ಲಾಕಿಂಗ್.

ಇಲ್ಲಿ ಇನ್ನೊಂದು ಗೊಂದಲ ಇದೆ. ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುವುದು ಅಮೆರಿಕದ ವೃತ್ತಿಪರ ಲೀಗ್, ಎನ್‌ಬಿಎ. ಅಲ್ಲಿ ಆಟಗಾರ ಶಾಟ್‌ಗೆ ಮೇಲಕ್ಕೆ ಎದ್ದೇಳಲು ಶುರು ಮಾಡುವ ಮೊದಲೇ ಡಿಫೆಂಡರ್ ಜಾಗದಲ್ಲಿರಬೇಕು. ಅಮೆರಿಕದ ಕಾಲೇಜು ಹುಡುಗರ ಆಟದಲ್ಲಿ 2023-24ರಿಂದ ಬೇರೆ ಲೆಕ್ಕ: ಹಾರುವುದಕ್ಕೆ ಕೊನೇ ಕಾಲು ಊರುವ ಹೊತ್ತಿಗೆ ಡಿಫೆಂಡರ್ ಅಲ್ಲಿರಬೇಕು. ನಮ್ಮ ಫಿಬಾದಲ್ಲಿ ನೆಲ ಬಿಡುವ ಕ್ಷಣ. ಆಟ ಒಂದೇ, ಗೆರೆ ಎಳೆಯುವ ಕ್ಷಣ ಮೂರು. ಅದಕ್ಕೇ ಹದಿನೇಳು ವರ್ಷದ ಹುಡುಗ ಬಂದು "ಸಾರ್, ಗ್ಯಾದರ್ ಮಾಡಿದ್ದೆ ಸಾರ್" (ಡ್ರಿಬಲ್ ನಿಲ್ಲಿಸಿ ಚೆಂಡು ಹಿಡಿದಾಗಿತ್ತು) ಅಂತ ವಾದಿಸಿದಾಗ ನನಗೆ ಕೋಪ ಬರುವುದಿಲ್ಲ. ಅವನು ಎಲ್ಲೋ ನೋಡಿದ್ದಾನೆ, ಕಲಿತಿದ್ದಾನೆ. ಬೇರೆ ಮನೆಯ ಪಾಠ, ಅಷ್ಟೇ.

ಈಗ ಎರಡನೇ ಕಾರಣಕ್ಕೆ ಬರುತ್ತೇನೆ. ರಿಂಗ್‌ನ ಕೆಳಗಿದ್ದ ಆ ಹಿಮ್ಮಡಿ. ನಿಜ ಹೇಳಬೇಕು ಅಂದರೆ ಈ ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ.

ರಿಂಗ್‌ನ ಕೆಳಗೆ ಒಂದು ಅರ್ಧ ವೃತ್ತ ಇರಬೇಕು. ನೋ-ಚಾರ್ಜ್ ಅರ್ಧ ವೃತ್ತ. ಎನ್‌ಬಿಎಯಲ್ಲಿ ಇದು ಬಂದದ್ದು 1997-98ರಲ್ಲಿ, ಅಲ್ಲಿ ತ್ರಿಜ್ಯ 4 ಅಡಿ. ಫಿಬಾದಲ್ಲಿ 2010ರ ಅಕ್ಟೋಬರ್‌ನಿಂದ, ಇಲ್ಲಿ 1.25 ಮೀಟರ್. ಡಿಫೆಂಡರನ ಒಂದು ಕಾಲಾದರೂ ಈ ಜಾಗದಲ್ಲಿದ್ದು, ಚೆಂಡು ಹಿಡಿದು ಹಾರಿ ಬಂದವನು ಶಾಟ್‌ಗೋ ಪಾಸ್‌ಗೋ ಹೋಗುತ್ತಾ ಅವನಿಗೆ ಗುದ್ದಿದರೆ ಚಾರ್ಜಿಂಗ್ ಕೊಡುವ ಹಾಗಿಲ್ಲ. ಹಾರಿದವನು ಕೈಯಿಂದ ತಳ್ಳಿದ್ದರೆ, ಮೊಣಕಾಲು ಎತ್ತಿ ಗುದ್ದಿದ್ದರೆ ಮಾತು ಬೇರೆ.

ಕಾರಣ ಸರಳ. ರಿಂಗ್‌ನ ನೇರ ಕೆಳಗೆ ನಿಂತವನು ಯಾವ ಶಾಟನ್ನೂ ತಡೆಯುತ್ತಿಲ್ಲ. ಡಿಕ್ಕಿಗಾಗಿ ಕಾಯುತ್ತಿದ್ದಾನೆ.

2010ರಲ್ಲಿ ಇದರ ಜೊತೆಗೇ ಮೂರು ಪಾಯಿಂಟ್ ಗೆರೆ 6.25 ಮೀಟರಿನಿಂದ 6.75ಕ್ಕೆ ಹೋಯಿತು. ರಿಂಗ್‌ನ ಮುಂದಿನ ಗೆರೆ ಎಳೆದ ಜಾಗ, ತ್ರಾಪಿಜ್ಯದ ಹಾಗಿದ್ದ ಕೀ, ಆಯತ ಆಯಿತು. ಅಷ್ಟು ವರ್ಷ ಕಳೆದರೂ ಈಗಲೂ ತ್ರಾಪಿಜ್ಯವೇ ಇರುವ ಕೋರ್ಟ್‌ಗಳಲ್ಲಿ ನಾನು ವಿಸಿಲ್ ಊದುತ್ತೇನೆ. ಕೆಲವು ಕಡೆ ಹೊಸ ಆಯತ ಬಳಿದಿದ್ದಾರೆ, ಹಳೆಯ ತ್ರಾಪಿಜ್ಯ ಅಳಿಸಿಲ್ಲ, ಎರಡೂ ಸೇರಿ ರಂಗೋಲಿ. ಮೂರು ಪಾಯಿಂಟ್ ಗೆರೆಯನ್ನು ಮಾತ್ರ ಮರೆಯದೆ ಬಳಿಯುತ್ತಾರೆ. ಅದಿಲ್ಲದಿದ್ದರೆ ಸ್ಕೋರೇ ಕೂಡಲ್ಲ ನೋಡಿ. ಅರ್ಧ ವೃತ್ತದ ವಿಷಯಕ್ಕೆ ಬಂದರೆ "ಅದೇನ್ ಬೇಕಾಗಲ್ಲ ಬಿಡಿ ಸಾರ್" ಅಂತಾರೆ.

ಬೇಕು ಸಾರ್. ಗೆರೆ ಇಲ್ಲದ ಕಡೆ ಡಿಫೆಂಡರ್ ಒಳಗಿದ್ದನೋ ಹೊರಗಿದ್ದನೋ ಅಂತ ನಾನು ಊಹೆ ಮಾಡಬೇಕು. ಹುಡುಗರೂ ಊಹೆ ಮಾಡಬೇಕು. ಗೆರೆ ಇದ್ದರೆ ಡಿಫೆಂಡರೇ ಎಚ್ಚರವಾಗಿರುತ್ತಾನೆ, ಒಂದು ಹೆಜ್ಜೆ ಮುಂದೆ ಬಂದು ನಿಲ್ಲುತ್ತಾನೆ. ಎಷ್ಟೋ ಡಿಕ್ಕಿಗಳು ಆಗುವುದೇ ಇಲ್ಲ.

ನನ್ನ ರೆಫರಿ ಗೆಳೆಯರಿಗೂ ಇಲ್ಲೊಂದು ಮಾತು. ಅರ್ಧ ವೃತ್ತದ ಒಳಗೆ ಡಿಕ್ಕಿಯಾದರೆ ಅದು ತಾನಾಗಿಯೇ ಬ್ಲಾಕಿಂಗ್ ಅಲ್ಲ. ನಿಯಮ ಹೇಳುವುದು ಚಾರ್ಜಿಂಗ್ ಕೊಡಬೇಡಿ ಅಂತ. ಡಿಫೆಂಡರ್ ತನ್ನ ಡ್ರಮ್ಮಿನೊಳಗೇ, ಕೈ ನೇರ ಮೇಲೆತ್ತಿ ನಿಂತಿದ್ದರೆ ಅವನೇನು ತಪ್ಪು ಮಾಡಿದ? ವಿಸಿಲ್ ಬಾಯಲ್ಲಿರಲಿ, ಊದಬೇಡಿ. ಆಟ ನಡೆಯಲಿ. ಸುಮ್ಮನಿರುವುದೂ ಒಂದು ತೀರ್ಪೇ ಅಂತ ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ಟಿವಿ, ರಿಪ್ಲೇ ಇದ್ದರೆ ಎಲ್ಲ ಸರಿ ಹೋಗುತ್ತಿತ್ತು ಅನ್ನುವವರು 2018ರ ಎನ್‌ಬಿಎ ಫೈನಲ್ಸ್‌ನ ಮೊದಲ ಪಂದ್ಯ ನೋಡಬೇಕು. ಮುಗಿಯಲು 36 ಸೆಕೆಂಡ್ ಇತ್ತು. ಕ್ಲೀವ್‌ಲ್ಯಾಂಡ್ ಎರಡು ಪಾಯಿಂಟ್ ಮುಂದೆ. ಗೋಲ್ಡನ್ ಸ್ಟೇಟ್‌ನ ಕೆವಿನ್ ಡುರಾಂಟ್ ನುಗ್ಗಿದ, ಲೆಬ್ರಾನ್ ಜೇಮ್ಸ್ ಅಡ್ಡ ಬಂದ, ಡಿಕ್ಕಿ. ಕೋರ್ಟ್ ಮೇಲೆ ಕೊಟ್ಟದ್ದು ಚಾರ್ಜಿಂಗ್. ಲೆಬ್ರಾನ್ ಅರ್ಧ ವೃತ್ತದ ಒಳಗಿದ್ದನೋ ಅಂತ ನೋಡಲು ಮಾನಿಟರ್ ಹತ್ತಿರ ಹೋದರು. ಅವನು ಹೊರಗೇ ಇದ್ದ. ಆದರೂ ನೋಡಿದ ಮೇಲೆ ತೀರ್ಪು ಬ್ಲಾಕಿಂಗ್ ಆಗಿ ಬದಲಾಯಿತು. ಡುರಾಂಟ್ ಎರಡು ಫ್ರೀ ಥ್ರೋ ಹಾಕಿ ಸಮ ಮಾಡಿದ. ಓವರ್‌ಟೈಮ್‌ಗೆ ಹೋಗಿ ಗೋಲ್ಡನ್ ಸ್ಟೇಟ್ 124-114ರಲ್ಲಿ ಗೆದ್ದಿತು. ಇಷ್ಟೊಂದು ಕ್ಯಾಮೆರಾ, ಜಗತ್ತಿನ ಅತ್ಯುತ್ತಮ ರೆಫರಿಗಳು ಮೂರು ಜನ. ಆದರೂ ಆ ತೀರ್ಪಿನ ಬಗ್ಗೆ ಇವತ್ತಿಗೂ ಜಗಳ. ಫಿಬಾ ಕೂಡ ಕೋಚ್ ಚಾಲೆಂಜ್ (ತೀರ್ಪನ್ನು ರಿಪ್ಲೇಯಲ್ಲಿ ನೋಡಿ ಅಂತ ಕೋಚ್ ಕೇಳುವುದು) ತಂದಿದೆ, ಆದರೆ ರಿಪ್ಲೇ ವ್ಯವಸ್ಥೆ ಇರುವ ಕಡೆ ಮಾತ್ರ. ನಮ್ಮ ಕೋರ್ಟ್‌ನಲ್ಲಿ ಸ್ಕೋರ್‌ಬೋರ್ಡಿನ ಲೈಟ್ ಉರಿದರೆ ಅದೇ ದೊಡ್ಡದು.

ಕಣ್ಣು ಎಲ್ಲಿಡಬೇಕು ಅನ್ನುವುದನ್ನು ನಾನು ತಡವಾಗಿ ಕಲಿತೆ. 2019ರಲ್ಲಿ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತಲ್ಲ, ಆಗ ಗ್ಯಾಲರಿಯಲ್ಲಿ ಕೂತಿದ್ದೆ. ಎಲ್ಲರೂ ಚೆಂಡು ನೋಡ್ತಾ ಇದ್ದರು. ನಾನು ಬೇಸ್‌ಲೈನಿನ ರೆಫರಿಯ ತಲೆ ನೋಡ್ತಾ ಕೂತೆ. ಪಕ್ಕದವರಿಗೆ ನಾನು ಹುಚ್ಚನ ಹಾಗೆ ಕಂಡಿರಬೇಕು. ಚೆಂಡು ಬಲಗಡೆ ಡ್ರೈವ್ ಆಗುತ್ತಿದ್ದಾಗ ಆ ರೆಫರಿಯ ತಲೆ ಆಗಲೇ ಎಡಕ್ಕೆ ತಿರುಗಿರುತ್ತಿತ್ತು. ಸಹಾಯಕ್ಕೆ ಓಡಿ ಬರುವ ಎರಡನೇ ಡಿಫೆಂಡರ್ ಮೇಲೆ ಕಣ್ಣು. ಅವಳು ಹೊರಟಿದ್ದು, ನಿಂತದ್ದು, ಪೆಟ್ಟು ತಿಂದದ್ದು, ಮೂರೂ ರೆಫರಿಗೆ ಕಂಡಿರುತ್ತಿತ್ತು. ವಿಸಿಲ್ ಬರುವುದು ಅರೆಕ್ಷಣ ತಡ, ಆದರೆ ಕೈ ಮಾತ್ರ ತಡವರಿಸುತ್ತಿರಲಿಲ್ಲ. 2017ರಲ್ಲೂ 2019ರಲ್ಲೂ ಬೆಂಗಳೂರಿನಲ್ಲಿ ಕಪ್ ಗೆದ್ದದ್ದು ಜಪಾನ್. ಎತ್ತರದಲ್ಲಿ ಅವರು ಚೀನಾದವರ ಮುಂದೆ ಚಿಕ್ಕವರು. ಕಾಲಿನ ಕೆಲಸ ನೋಡಬೇಕಿತ್ತು! ಎದುರಾಳಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಅವರು ಮೊದಲೇ ಹೋಗಿ ನಿಂತಿರುತ್ತಿದ್ದರು.

ಇನ್ನು ನಾಟಕದ ವಿಷಯ. ಭುಜ ತಾಗುವ ಮೊದಲೇ ಯಕ್ಷಗಾನದ ರಕ್ಕಸನ ಹಾಗೆ ಅಬ್ಬರಿಸಿ ಬೀಳುವವರು ನಮ್ಮಲ್ಲೂ ಹೆಚ್ಚಾಗಿದ್ದಾರೆ. ಎನ್‌ಬಿಎಯಲ್ಲಿ 2023-24ರಿಂದ ಇಂಥ ನಟನೆಗೆ ಟೆಕ್ನಿಕಲ್ ಫೌಲ್ (ಡಿಕ್ಕಿಗಲ್ಲ, ನಡತೆಗೆ ಕೊಡುವ ಫೌಲ್) ಕೊಟ್ಟು ಎದುರಾಳಿಗೆ ಒಂದು ಫ್ರೀ ಥ್ರೋ ಕೊಡುತ್ತಾರೆ. ಫಿಬಾ ನಿಯಮದಲ್ಲೂ ನಟನೆಗೆ ಟೆಕ್ನಿಕಲ್ ಇದೆ. ನಾವು ಕೊಡುವುದಿಲ್ಲ, ಅಷ್ಟೇ. ಕೊಡದಿರುವುದು ಒಂದು ಕಡೆ ಇರಲಿ, ನನ್ನ ಹಾಗೆ ಆ ನಟನೆಗೆ ಬಹುಮಾನವನ್ನೇ ಕೊಡುತ್ತೇವೆ.

ಹೈಸ್ಕೂಲ್ ಮಕ್ಕಳ ಟೂರ್ನಮೆಂಟ್ ನಡೆಸುವವರು ದಯವಿಟ್ಟು ಇದನ್ನು ಗಮನಿಸಿ. ಗೆಲ್ಲುವ ಆಸೆಗೆ ಕೆಲವು ಕೋಚ್‌ಗಳು ಸಣ್ಣ ಮಕ್ಕಳಿಗೆ ಚಾರ್ಜ್ ತೆಗೆದುಕೊಳ್ಳುವುದನ್ನು ಒಂದು ಟ್ರಿಕ್ ಹಾಗೆ ಕಲಿಸುತ್ತಾರೆ. ಹಾರಿದವನ ಕಾಲ ಕೆಳಗೆ ಜಾರಿ ಹೋಗು, ಬೀಳು, ರೆಫರಿ ನೋಡ್ಕೋತಾನೆ. ಮರದ ಕೋರ್ಟ್‌ನಲ್ಲಿ ಇದು ಅಪಾಯ. ಸಿಮೆಂಟ್ ಕೋರ್ಟ್‌ನಲ್ಲಿ ಇದು ಹುಚ್ಚುತನ. ಮಣಿಕಟ್ಟು ಮುರಿದುಕೊಂಡ, ತಲೆ ಹಿಂದೆ ಊದಿಸಿಕೊಂಡ ಮಕ್ಕಳನ್ನು ನಾನು ಆಟೋದಲ್ಲಿ ಕೂರಿಸಿಕೊಂಡು ಹೋಗಿದ್ದೇನೆ. ತಡವಾಗಿ ಬಂದವನಿಗೆ ಮೊದಲ ಕ್ವಾರ್ಟರ್‌ನಲ್ಲೇ ಬ್ಲಾಕಿಂಗ್ ಕೊಟ್ಟರೆ ನಾಲ್ಕನೇ ಕ್ವಾರ್ಟರ್‌ಗೆ ಯಾರೂ ಜಾರುವುದಿಲ್ಲ. ನಾವು ಮಾಡುವುದು ಉಲ್ಟಾ. ಮೊದಲು "ಆಟ ಹೋಗ್ಲಿ ಬಿಡು" ಅಂತ ಬಿಡುತ್ತೇವೆ, ಕೊನೇ ನಿಮಿಷದಲ್ಲಿ ಕಟ್ಟುನಿಟ್ಟು.

ನಿಮ್ಮಲ್ಲಿ ಕೇಳುವುದು ಜಾಸ್ತಿ ಏನಿಲ್ಲ. ಸೆಮಿಫೈನಲ್‌ನಿಂದಾದರೂ ಮೂರು ರೆಫರಿ ಹಾಕಿ. ಇಬ್ಬರೇ ಇದ್ದಾಗ ಆ ಕಡೆಯಿಂದ ಓಡಿ ಬರುವವನನ್ನು ನೋಡುವ ಕಣ್ಣು ಕಡಿಮೆ ಬೀಳುತ್ತದೆ. ಖರ್ಚು ಅಂತೀರಿ, ಗೊತ್ತು. ಟ್ರೋಫಿಯ ಎತ್ತರ ಅರ್ಧ ಅಡಿ ಇಳಿಸಿ. ಟೀಮ್ ಮ್ಯಾನೇಜರ್‌ಗಳ ಮೀಟಿಂಗ್‌ನಲ್ಲಿ ಊಟದ ಕೂಪನ್, ಜೆರ್ಸಿ ಬಣ್ಣದ ಮಾತು ಮುಗಿದ ಮೇಲೆ ಹತ್ತು ನಿಮಿಷ ರೆಫರಿಗೆ ಕೊಡಿ. ಒಂದು ಕುರ್ಚಿಯನ್ನು ಡಿಫೆಂಡರ್ ಮಾಡಿ ತೋರಿಸಿದರೂ ಸಾಕು, ಕೋಚ್‌ಗಳಿಗೆ ಅರ್ಥವಾಗುತ್ತದೆ. ಮ್ಯಾಚ್ ಮುಗಿದ ಮೇಲೆ ರೆಫರಿಗಳು ಕೂತು ಎರಡು ಡಿಕ್ಕಿಯ ವಿಡಿಯೋ ನೋಡುವಂತೆ ಮಾಡಿ. ಬೈಯುವುದಕ್ಕಲ್ಲ. ನನಗೆ ಆ ಹುಡುಗನ ವಿಡಿಯೋ ಕಲಿಸಿದಷ್ಟು ಯಾವ ರೆಫರಿ ತರಬೇತಿ ಶಿಬಿರವೂ ಕಲಿಸಲಿಲ್ಲ.

ಮತ್ತೆ ಆ ಅರ್ಧ ವೃತ್ತ. ಅದಕ್ಕೆ ಕಂಟ್ರಾಕ್ಟರ್ ಬೇಡ. ದಾರಕ್ಕೆ ಒಂದು ಕಲ್ಲು ಕಟ್ಟಿ ರಿಂಗ್‌ನ ನಡುವಿನಿಂದ ನೆಲಕ್ಕೆ ಇಳಿಬಿಡಿ. ಎಂಡ್‌ಲೈನಿನ (ಅದೇ ಬೇಸ್‌ಲೈನ್) ಒಳ ಅಂಚಿನಿಂದ ಅದು 1.575 ಮೀಟರ್ ಬರಬೇಕು. ಬರದಿದ್ದರೆ ನಿಮ್ಮ ಕಂಬವೇ ಸರಿ ಇಲ್ಲ, ಅದು ಬೇರೆ ಕಥೆ. ಆ ಬಿಂದುವಿನ ಮೇಲೆ ಒಬ್ಬರು ದಾರದ ತುದಿ ಹೆಬ್ಬೆರಳಲ್ಲಿ ಒತ್ತಿ ಹಿಡಿಯಲಿ. 1.25 ಮೀಟರಿಗೆ ಸೀಮೆಸುಣ್ಣ ಕಟ್ಟಿ ಇನ್ನೊಬ್ಬರು ಅರ್ಧ ಸುತ್ತು ಬರಲಿ. ಎರಡು ತುದಿಯಿಂದ ಎಂಡ್‌ಲೈನ್ ಕಡೆಗೆ 37.5 ಸೆಂಟಿಮೀಟರ್ ನೇರ ಗೆರೆ. ಸೀಮೆಸುಣ್ಣದ ಹೊರಗಡೆಗೆ 5 ಸೆಂಟಿಮೀಟರ್ ಅಗಲ ಬಿಳಿ ಪೇಂಟ್. ಎರಡೂ ಕಡೆ ಸೇರಿ ಒಂದು ಬೆಳಗಿನ ಕೆಲಸ.

ಪೇಂಟ್ ಡಬ್ಬ, ಬ್ರಷ್, ದಾರ ನಾನೇ ತರುತ್ತೇನೆ. ನೀವು ಭಾನುವಾರ ಆರು ಗಂಟೆಗೆ ಗೇಟ್ ತೆಗೆಸಿ. ಬಿಸಿಲು ಏರುವ ಮೊದಲು ಒಣಗಬೇಕು, ಹತ್ತು ಗಂಟೆಗೆ ಕ್ರಿಕೆಟ್ ಹುಡುಗರು ಬಂದುಬಿಡ್ತಾರೆ.

ಇಂತಿ ನಿಮ್ಮ,
ಬೇಸ್‌ಲೈನಿನಲ್ಲಿ ನಿಲ್ಲುವ ಒಬ್ಬ ರೆಫರಿ